ಉಗ್ರಾಣದಲ್ಲಿ ಜಾಗವಿಲ್ಲ

ಡಿಸೆಂಬರ್ ೧೫, ಶನಿವಾರ

ಮತದಾನ ಇನ್ನೂ ದೂರವಿದೆ. ಪೇಟೆಯಲ್ಲಿ ಮಾತ್ರ ನಾಳೆಯೇ ಪ್ರಳಯ ಎನ್ನುವ ಹಾಗೆ ನೂಕುನುಗ್ಗಲು. ಹೆಂಗಸರು ಹಿಟ್ಟಿನ ಪೊಟ್ಟಣಗಳನ್ನು ಎದೆಗವಚಿಕೊಂಡು ಓಡುತ್ತಿದ್ದರು. ನನಗೆ ನಗು ಬಂತು. ಪೊಟ್ಟಣದ ಹಿಟ್ಟು ಈ ಕೆರೆಯೂರಿನ ಸೆಕೆಗೆ ಎಷ್ಟು ದಿನ ತಡೆಯುತ್ತದೆ? ಹುಳು ಬೀಳುತ್ತದೆ, ಮುದ್ದೆ ಕಹಿಯಾಗುತ್ತದೆ, ಆಮೇಲೆ ಕೋಳಿಗೆ ಹಾಕಬೇಕು. ಹುಡುಗಿಯರ ಹಾಸ್ಟೆಲಿನ ಅಡುಗೆಮನೆಯನ್ನು ಇಷ್ಟು ವರ್ಷ ನಡೆಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ತಂದಿದ್ದು ಇಡೀ ಮೆಕ್ಕೆಜೋಳ. ಬೂದಿ ಬೆರೆಸಿ ಮೂಟೆ ಕಟ್ಟಿದರೆ ಮುಂದಿನ ಬೆಳೆಯವರೆಗೂ ಚಿಂತೆಯಿಲ್ಲ. ಬೇಕಾದಾಗ ಬೇಕಾದಷ್ಟು ಅಳೆದು ಮುರಿಗು ಅಣ್ಣನ ಗಿರಣಿಗೆ ಕಳಿಸಿದರೆ ಬಿಸಿಬಿಸಿ ಹಿಟ್ಟು. ಜೊತೆಗೆ ಸೀಮೆಎಣ್ಣೆ, ಇದ್ದಿಲು, ಉಪ್ಪು, ಸೋಪು, ಒಣಮೀನು ಎಲ್ಲ ಬಂತು. ಮಗ ಓಕೆಯೊ ಸೈಕಲ್ ಮೇಲೆ ಹೇರಿಕೊಂಡು ಬಂದು ಬಂದು ಸುಸ್ತಾದ. ಅವನು ಮಲಗುವ ಹಿಂದಿನ ಕೋಣೆಯನ್ನೇ ಉಗ್ರಾಣ ಮಾಡಿದೆ. ಮಂಚವನ್ನು ಹೊರಗೆ ಚಪ್ಪರದ ಕೆಳಗೆ ನಿಲ್ಲಿಸಿದ್ದೇವೆ.

'ಮೂಟೆಗೊಂದು ಕೋಣೆ, ಮಗನಿಗೆ ಚಾಪೆ. ಮುಂದಿನ ಜನ್ಮದಲ್ಲಿ ನಾನೂ ಜೋಳ ಆಗಿ ಹುಟ್ತೀನಿ ಬಿಡಮ್ಮ,' ಅಂದ.

ಪಕ್ಕದ ಮನೆಯ ದೊರ್ಕಾ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದು ನೋಡಿದಳು. ಅವಳ ಗಂಡ ನೈರೋಬಿಯಲ್ಲಿ ಕಾವಲುಗಾರ. ಇಲ್ಲಿ ಇವಳು, ಮಕ್ಕಳು, ಒಂದು ಯಂತ್ರ.

'ಏನು ಅಪೊಂಡಿ ಅಮ್ಮ, ಯುದ್ಧಕ್ಕೆ ಹೊರಟ್ರಾ?' ಮಗಳ ಹೆಸರು ಹಿಡಿದೇ ಎಲ್ಲರೂ ನನ್ನನ್ನು ಕರೆಯುವುದು.

'ನೀನೇನು ಕೂಡಿಟ್ಟಿದೀಯೇ?'

'ನಿಮ್ಮನ್ನ. ನಿಮ್ಮ ಗೋಡೆಗೆ ಗೋಡೆ ತಾಗಿಸ್ಕೊಂಡು ಇದೀನಲ್ಲ, ಅದೇ ನನ್ನ ದಾಸ್ತಾನು.'

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಾಯಿ ಜೋರು, ಆದರೆ ಒಳ್ಳೆಯ ಹುಡುಗಿ. ಅವಳ ಮಕ್ಕಳು ನನ್ನ ಒಲೆಯ ಮುಂದೆಯೇ ಬೆಳೆದವು.

ಡಿಸೆಂಬರ್ ೨೨, ಶನಿವಾರ

ಮೊಮ್ಮಗು ಹಾವಿಯ ಅಂಬಲಿ ಹಿಟ್ಟು ಬೀಸಿಸಲು ನಾನೇ ಹೋಗಿದ್ದೆ. ಮಗಳು ಅಪೊಂಡಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಎದೆಹಾಲು ಬತ್ತಿಹೋಗಿದೆ. ಕೂಸಿಗೆ ಅಂಬಲಿಯೇ ಗತಿ. ಜೋಳ, ರಾಗಿ, ಒಂದು ಹಿಡಿ ಒಣಮೀನು ಸೇರಿಸಿ ನುಣ್ಣಗೆ ಬೀಸಬೇಕು. ತರಿ ಇದ್ದರೆ ಅದರ ಹೊಟ್ಟೆ ಕೆಡುತ್ತದೆ.

ಮುರಿಗು ಅಣ್ಣನವರದ್ದು ಒಂದು ಪದ್ಧತಿ. ಬೆಳಿಗ್ಗೆ ಯಂತ್ರವನ್ನು ಬಿಚ್ಚಿ, ಒರೆಸಿ, ಮೊದಲ ಬೀಸು ಮಕ್ಕಳ ಹಿಟ್ಟಿನದೇ. ಹಿಂದಿನವರ ಮೆಣಸೋ ಮರಗೆಣಸೋ ಅದಕ್ಕೆ ತಾಗಬಾರದು. ಸಾಲಿನಲ್ಲಿ ಯಾರೇ ನಿಂತಿರಲಿ, 'ಮಗೂದು ಮೊದ್ಲು' ಎಂದು ನನ್ನ ನೀಲಿ ಮುಚ್ಚಳದ ಡಬ್ಬಿ ಎತ್ತಿಕೊಳ್ಳುತ್ತಾರೆ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟಾಗಿ, ಮನುಷ್ಯನೇ ಈಗಷ್ಟೇ ಬೀಸಿ ತೆಗೆದಂತೆ ಕಾಣುತ್ತಾರೆ. ನನ್ನ ಗಂಡ ತೀರಿಕೊಂಡಾಗ ಅಂತ್ಯಕ್ರಿಯೆಯ ಅಡುಗೆಗೆಲ್ಲ ಹಿಟ್ಟು ಬೀಸಿಕೊಟ್ಟವರು ಅವರೇ.

ಅವರು ನ್ಯೇರಿ ಕಡೆಯವರು, ಈಗಿನ ಅಧ್ಯಕ್ಷನ ಕುಲದವರು, ನಮ್ಮ ಜನವಲ್ಲ. ಇಲ್ಲಿಗೆ ಬಂದಾಗ ಓಕೆಯೊ ಇನ್ನೂ ಅಂಬೆಗಾಲಿಡುತ್ತಿದ್ದ. ಆದರೂ ಇವತ್ತು ಸಾಲಿನಲ್ಲಿದ್ದ ಹುಡುಗನೊಬ್ಬ ಕೆಣಕಿದ: 'ಅಜ್ಜಾ, ನಮ್ಮೋರು ಗೆದ್ರೆ ನೀನು ಗಂಟುಮೂಟೆ ಕಟ್ಟೋದೇ.'

'ನನ್ನ ಗಂಟು ಈ ಗಿರಣಿ ಕಣಪ್ಪ. ಬೆನ್ನ ಮೇಲೆ ಹೊರಿಸ್ತೀಯಾ ಹೇಳು, ಈಗ್ಲೇ ಹೊರಡ್ತೀನಿ.'

ಎಲ್ಲರೂ ನಕ್ಕರು. ಆ ಹುಡುಗ ಮಾತ್ರ ನಗಲಿಲ್ಲ.

ಡಿಸೆಂಬರ್ ೨೭, ಗುರುವಾರ

ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಂತು ಮತ ಹಾಕಿ ಬಂದೆ. ಸರದಿ ಬರುವಷ್ಟರಲ್ಲಿ ಬಿಸಿಲೇರಿ, ಮುಂದಿದ್ದವಳು ತಲೆ ತಿರುಗಿ ಬಿದ್ದಳು. ಉಗ್ರಾಣಕ್ಕೆ ಹೊಸ ಬೀಗ ಹಾಕಿಸಿದೆ.

ಡಿಸೆಂಬರ್ ೨೯, ಶನಿವಾರ

ಎಣಿಕೆ ಮುಗಿಯುತ್ತಲೇ ಇಲ್ಲ. ರೇಡಿಯೊದವರು ಹೇಳಿದ್ದನ್ನೇ ಹೇಳುತ್ತಾರೆ. ಪೇಟೆಬೀದಿಯಲ್ಲಿ ಟೈರು ಸುಡುತ್ತಿದ್ದಾರೆ. ಒಣಹಾಕಿದ ಬಟ್ಟೆಯೆಲ್ಲ ಮಸಿ.

ಓಕೆಯೊ ಕೈಯಲ್ಲಿ ಹಾವಿಯ ಡಬ್ಬಿ ಕಳಿಸಿದ್ದೆ. ಬರಿಗೈಯಲ್ಲಿ ಬಂದ. ಕರೆಂಟ್ ಇಲ್ಲವಂತೆ. 'ಡಬ್ಬಿ ಇಟ್ಟು ಹೋಗು, ಕರೆಂಟ್ ಬಂದ ತಕ್ಷಣ ಮೊದ್ಲ ಬೀಸು ಹಾವೀದೇ ಅಂದ್ರು,' ಅಂದ. ಮನೆಯಲ್ಲಿ ಇನ್ನು ಸ್ವಲ್ಪವೇ ಹಿಟ್ಟಿದೆ. ಒಂದೆರಡು ದಿನಕ್ಕೆ ತೊಂದರೆಯಿಲ್ಲ.

ದೊರ್ಕಾ ಓಕೆಯೊನ ಕ್ರಿಸ್‌ಮಸ್ ಅಂಗಿಯನ್ನು ಇವತ್ತು ಹೊಲಿದು ಕೊಟ್ಟಳು. ಬಿಳಿ ಅಂಗಿ, ಕಾಲರಿಗೆ ಹಸಿರು ಅಂಚು. ತಡವಾಗಿದ್ದಕ್ಕೆ ಬಾಯಿಗೆ ಬಂದಂತೆ ಬೈದು, ಮಕ್ಕಳಿಗೆಂದು ಒಂದು ಬೊಗಸೆ ಒಣಮೀನು ಕೊಟ್ಟೆ.

ಡಿಸೆಂಬರ್ ೩೦, ಭಾನುವಾರ

ಸಂಜೆ ಫಲಿತಾಂಶ ಹೇಳಿದರು, ಹಳೇ ಅಧ್ಯಕ್ಷನೇ ಗೆದ್ದನಂತೆ. ಹೇಳಿ ಮುಗಿಸುವ ಮೊದಲೇ ಬೀದಿ ಎದ್ದು ನಿಂತಿತು. ಅಂಥ ಕೂಗನ್ನು ನಾನು ಹಿಂದೆ ಕೇಳಿರಲಿಲ್ಲ. ನನ್ನ ಗಂಟಲಿನಿಂದಲೂ ಅದೇ ಕೂಗು ಬಂತು. ನಮಗೆ ಮೋಸವಾಗಿದೆ, ಹಗಲುಹೊತ್ತಿನಲ್ಲೇ ಕದ್ದಿದ್ದಾರೆ.

ಅಂಗಡಿಗಳ ಬಾಗಿಲು ಒಡೆಯುವ ಸದ್ದು, ಗಾಜು, ಗುಂಡು. ಇಬ್ಬರು ಹುಡುಗರು ಫ್ರಿಜ್ಜೊಂದನ್ನು ಹೊತ್ತುಕೊಂಡು ಓಡುತ್ತಿದ್ದರು. ಪೊಲೀಸರು ಗುಂಡು ಹೊಡೆದಾಗ ಒಬ್ಬ ಅದರ ಮೇಲೆಯೇ ಬಿದ್ದ. ಅವನನ್ನು ಪಕ್ಕಕ್ಕೆ ಸರಿಸಿ ಇನ್ನೊಬ್ಬ ಬಂದು ಫ್ರಿಜ್ಜಿಗೆ ಹೆಗಲು ಕೊಟ್ಟ. ಗಿರಣಿಯ ಕಡೆಯಿಂದ ದಪ್ಪ ಹೊಗೆ. ಸುಟ್ಟ ಜೋಳದ ವಾಸನೆ ನಮ್ಮ ಅಂಗಳದವರೆಗೂ ಬಂತು.

ಓಕೆಯೊ ಹೊರಗಿದ್ದಾನೆ. ಉಗ್ರಾಣದ ಬೀಗ ನೋಡಿ ಬಂದೆ.

ಡಿಸೆಂಬರ್ ೩೧, ಸೋಮವಾರ

ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಹಿತ್ತಲ ಬಾಗಿಲು ತಟ್ಟಿದರು. ಬಾಗಿಲ ಸಂದಿಯಿಂದ ನೋಡಿದೆ. ಮುರಿಗು. ಮೈಮೇಲೆ ಹಿಟ್ಟಿಲ್ಲದ ಅವನನ್ನು ನಾನು ಅದೇ ಮೊದಲ ಸಲ ನೋಡಿದ್ದು. ಮೊಣಕಾಲಿನವರೆಗೂ ಚರಂಡಿಯ ಕೆಸರು. ಕೋಟಿನೊಳಗೆ ಏನನ್ನೋ ಅವಚಿ ಹಿಡಿದಿದ್ದ. ದುಡ್ಡೋ ದಾಖಲೆಯೋ ಇರಬೇಕು ಅಂದುಕೊಂಡೆ.

'ಅಪೊಂಡಿ ಅಮ್ಮ, ಬಾಗ್ಲು ತೆಗೀರಿ. ನಾನು.'

'ಇಲ್ಯಾಕೆ ಬಂದ್ರಿ?'

'ಇನ್ನೆಲ್ಲಿಗೆ ಹೋಗ್ಲಿ? ಕತ್ತಲಾಗೋವರೆಗೂ ಒಂದು ಮೂಲೆ ಕೊಡಿ. ಆಮೇಲೆ ಠಾಣೆಗೆ ಹೋಗ್ತೀನಿ.'

'ಜಾಗ ಇಲ್ಲ ಮುರಿಗು. ಉಗ್ರಾಣ ತುಂಬೋಗಿದೆ, ಕಾಲಿಡೋಕಾಗಲ್ಲ.'

'ಮೂಟೆ ಮೇಲೇ ಮಲಗ್ತೀನಿ. ನಿಮ್ಮ ಜೋಳಕ್ಕೆ ನಾನೇನು ಹೊಸಬನಾ?'

ಮೂಟೆಗಳನ್ನು ಮುಂದಿನ ಕೋಣೆಗೆ ಎಳೆದು ಹಾಕಿದ್ದರೆ ಒಬ್ಬ ಮನುಷ್ಯನಿಗೆ ಜಾಗವಾಗುತ್ತಿತ್ತು. ಅದನ್ನು ನಾನು ಯೋಚಿಸದೇ ಇರಲಿಲ್ಲ. ಆದರೆ ಮುಂದಿನ ಕೋಣೆಯ ಕಿಟಕಿ ಬೀದಿಗೇ ತೆರೆಯುತ್ತದೆ. ಹೋಗುವವರು ಬರುವವರೆಲ್ಲ ನಮ್ಮಲ್ಲಿ ಏನಿದೆ, ಎಷ್ಟಿದೆ ಎಂದು ನೋಡುತ್ತಿದ್ದರು. ಅದೂ ಅಲ್ಲದೆ ಓಣಿಯ ತುದಿಯಲ್ಲಿ, ನಲ್ಲಿಯ ಹತ್ತಿರ, ಹುಡುಗರು ಮಚ್ಚು ಹಿಡಿದು ನಿಂತಿದ್ದರು.

'ನಿಮ್ಮನ್ನ ನೋಡಿದ್ರೆ ಮನೆಗೇ ಬೆಂಕಿ ಇಡ್ತಾರೆ. ಮನೇಲಿ ಕೂಸಿದೆ,' ಅಂದೆ.

ಕೋಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ.

'ಕೂಸಿದೆ ಅಂತ ಗೊತ್ತು,' ಅಂದ.

ಹೋಗುವಾಗ ಹಿತ್ತಲಲ್ಲಿ ಬೋರಲು ಹಾಕಿದ್ದ ಬೋಗುಣಿಯ ಸದ್ದಾಯಿತು. ಕಾಲಿಗೆ ತಾಗಿರಬೇಕು. ಆ ಸದ್ದಿಗೆ ಯಾರಾದರೂ ಬಂದಾರೆಂದು ಬಾಗಿಲಿಗೆ ಅಗಳಿಯನ್ನೂ ಹಾಕಿದೆ.

ನಲ್ಲಿಯ ಹತ್ತಿರ ಕೂಗೆದ್ದಾಗ ರೇಡಿಯೊ ಜೋರು ಮಾಡಿದೆ. ಹೊಸವರ್ಷದ ಪ್ರಾರ್ಥನಾಗೀತೆಗಳನ್ನು ಹಾಕುತ್ತಿದ್ದರು. ಬೇಗ ಮುಗಿಯಬಹುದು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಮರ ಕಡಿಯುವಾಗ ಬರುವ ಸದ್ದೇ ಬರುತ್ತಿತ್ತು, ನಡುನಡುವೆ ನನಗೆ ಗೊತ್ತಿದ್ದ ಒಂದು ದನಿ. ಅಪೊಂಡಿ ಹಾವಿಯ ಕಿವಿ ಮುಚ್ಚಿಕೊಂಡು ಕೂತಿದ್ದಳು. ನಾನು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಜನವರಿ ೧, ಮಂಗಳವಾರ

ಓಕೆಯೊ ನಿನ್ನೆ ಸಂಜೆ ಬಂದ. ಮೈಮೇಲೆ ಅಂಗಿಯಿಲ್ಲ.

'ಅಂಗಿ ಎಲ್ಲೋ?'

'ಅವರ ಮುಖದ ಮೇಲೆ ಹೊದಿಸ್ದೆ.'

'ಹೊಸ ಅಂಗಿ ಕಣೋ ಅದು. ಒಂದು ದಿನಾನೂ ಸರಿಯಾಗಿ ಹಾಕ್ಕೊಂಡಿಲ್ಲ. ಗೋಣೀತಾಟು ಸಿಗಲಿಲ್ವಾ?'

ಅವನು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ಹುಡುಗರನ್ನು ತಡೆಯಲು ಹೋಗಿದ್ದನಂತೆ, ಮಚ್ಚಿನ ಹಿಡಿಯಲ್ಲಿ ದವಡೆಗೆ ಹೊಡೆದು ನೂಕಿದ್ದಾರೆ. ಊದಿಕೊಂಡಿದೆ. ಮೂರ್ಖ. ಇವನಿಗೇನಾದರೂ ಆಗಿದ್ದರೆ ನನ್ನ ಗತಿ?

ಇವತ್ತು ಬೆಳಿಗ್ಗೆ ಕೇಳಿದ: 'ಅಮ್ಮ, ಅವರು ನಮ್ಮ ಹಿತ್ತಲ ಓಣಿಯಿಂದ ಬಂದ್ರು. ನಮ್ಮನೆಗೆ ಬಂದಿದ್ರಾ?'

'ನನಗೇನು ಗೊತ್ತು? ಪಾತ್ರೆ ತೊಳೀತಿದ್ದೆ.'

ಅಪೊಂಡಿ ತಲೆ ತಗ್ಗಿಸಿದಳು.

ಜನವರಿ ೩, ಗುರುವಾರ

ಪೇಟೆಯಲ್ಲಿ ಅಂಗಡಿ ಎನ್ನುವುದೇ ಉಳಿದಿಲ್ಲ. ದಾರಿಗಳಿಗೆ ಬಂಡೆ ಅಡ್ಡ ಹಾಕಿದ್ದಾರೆ, ಲಾರಿಗಳಿಲ್ಲ. ಹಾವಿಯ ಹಿಟ್ಟು ಮುಗಿಯಿತು.

ಮನೆತುಂಬ ಜೋಳ, ಒಂದು ಹಿಡಿ ಹಿಟ್ಟಿಲ್ಲ. ನಮಗೇನೋ ಜೋಳವನ್ನೇ ಬೇಯಿಸಿಕೊಳ್ಳಬಹುದು. ಇಡೀ ಬೆಳಿಗ್ಗೆ ಇದ್ದಿಲು ಉರಿದರೂ ಗಟ್ಟಿಯಾಗಿಯೇ ಇರುತ್ತದೆ, ಆದರೆ ಅಗಿಯಲು ಹಲ್ಲಿವೆ. ಕೂಸಿಗೆ? ಒರಳಿನಲ್ಲಿ ಕುಟ್ಟಿ, ತಲೆವಸ್ತ್ರದಲ್ಲಿ ಜರಡಿ ಹಿಡಿದು ಅಂಬಲಿ ಮಾಡಿದೆ. ಕುಡಿದು ಕಕ್ಕಿತು. ಉಳಿದದ್ದು ಹಾಗೇ ಭೇದಿಯಾಯಿತು. ಅಂಗೈಯೆಲ್ಲ ಬೊಬ್ಬೆ ಬಂದಿದೆ.

ಗಿರಣಿಯವನು ಹೀಗೆ ಕೈಕೊಡಬಾರದಿತ್ತು. ಫಲಿತಾಂಶ ಬರುವ ಮೊದಲೇ ಊರು ಬಿಟ್ಟಿದ್ದರೆ ಯಂತ್ರವನ್ನಾದರೂ ಸುಡದೆ ಬಿಡುತ್ತಿದ್ದರೇನೋ.

ಮಧ್ಯಾಹ್ನ ಉಗ್ರಾಣದ ಬೆಳಕಿಂಡಿಯಿಂದ ಒಂದು ಕೈ ಒಳಗೆ ಬಂದು ಮೂಟೆಯ ಬಾಯಿ ತಡಕುತ್ತಿತ್ತು. ಒನಕೆಯಿಂದ ಹೊಡೆದೆ. ಮೂಳೆ ಮುರಿದದ್ದು ನನ್ನ ಕೈಗೇ ತಿಳಿಯಿತು. ಕಿರುಚಿದ ದನಿ ಹೆಂಗಸಿನದ್ದು. ಆಮೇಲೆ ಬೆಳಕಿಂಡಿಗೆ ಹಲಗೆ ಹೊಡೆದೆ.

ಮಚ್ಚನ್ನು ತಲೆದಿಂಬಿನ ಕೆಳಗಿಟ್ಟುಕೊಂಡಿದ್ದೇನೆ.

ಜನವರಿ ೫, ಶನಿವಾರ

ಹಾವಿ ಅಳುವುದನ್ನೂ ನಿಲ್ಲಿಸಿದೆ. ಕಣ್ಣು ಒಳಗೆ ಹೋಗಿವೆ. ಅಪೊಂಡಿ ಬತ್ತಿದ ಎದೆಯನ್ನೇ ಅದರ ಬಾಯಿಗಿಟ್ಟು ಕೂತಿರುತ್ತಾಳೆ. ಆಸ್ಪತ್ರೆಗೆ ಹೋಗುವ ಹಾಗಿಲ್ಲ, ರಸ್ತೆಯಲ್ಲಿ ಗುಂಡು ಹಾರುತ್ತಿದೆ.

ಇಂಥ ಹೊತ್ತಿನಲ್ಲಿ ದೊರ್ಕಾ ಬಂದಳು, ಕೈಯಲ್ಲೊಂದು ಬಟ್ಟಲು. ತುಟಿ ಒಡೆದು ಬಿಳಚಿಕೊಂಡಿದ್ದಳು. ಆದರೂ ನಗಲು ನೋಡಿದಳು.

'ನನ್ನ ದಾಸ್ತಾನು ಹೆಂಗಿದೆ ಅಂತ ನೋಡ್ಕೊಂಡು ಹೋಗಣ ಅಂತ ಬಂದೆ, ಅಪೊಂಡಿ ಅಮ್ಮ.'

'ಏನೂ ಇಲ್ಲ. ಎಲ್ಲ ಮುಗೀತು.'

'ಮಕ್ಕಳು ನಿನ್ನೆಯಿಂದ ಬರೀ ನೀರು ಕುಡ್ಕೊಂಡಿವೆ. ಒಂದು ಬಟ್ಟಲು ಕಾಳು ಸಾಕು.'

'ಇಲ್ಲ ಅಂದ್ನಲ್ಲ.'

ಅವಳ ಕಣ್ಣು ನೆಲದ ಮೇಲಿತ್ತು. ಉಗ್ರಾಣದ ಬಾಗಿಲಿನ ಮುಂದೆ ಬೂದಿ ಮೆತ್ತಿದ ಕಾಳು ಚೆಲ್ಲಿತ್ತು. ಬೀಗವನ್ನೂ ನೋಡಿದಳು.

'ನಂಗೆ ಸುಳ್ಳು ಹೇಳ್ತೀರಾ?' ಅಂದಳು. ಬಾಗಿಲ ಚಿಲಕ ಹಿಡಿದು ಜಗ್ಗತೊಡಗಿದಳು. ಬಿಡು ಅಂದೆ, ಬಿಡಲಿಲ್ಲ. ಕೂದಲು ಹಿಡಿದೆಳೆದೆ, ಆಗಲೂ ಬಿಡಲಿಲ್ಲ. ಒಲೆಯ ಮೇಲೆ ಜೋಳ ಕುದಿಯುತ್ತಿತ್ತು. ಪಾತ್ರೆ ನನ್ನ ಕೈಗೆ ಬಂತು. ನೀರು ಅವಳ ಕತ್ತು, ತೋಳಿನ ಮೇಲೆ ಬಿತ್ತು. ಚರ್ಮ ಬೆಂದ ಟೊಮೆಟೊ ಸಿಪ್ಪೆಯ ಹಾಗೆ ಸರಿಯಿತು. ಅವಳು ಬಟ್ಟಲು ಬಿಟ್ಟು ಗೋಡೆ ಹಿಡಿದುಕೊಂಡು ಹೋದಳು. ಹೊಸ್ತಿಲಲ್ಲಿ ಅವಳ ದೊಡ್ಡ ಮಗಳು ನಿಂತಿತ್ತು.

ಬೆಳಗಿನಿಂದ ಉರಿಸಿದ ಇದ್ದಿಲು ದಂಡವಾಯಿತು. ಚೆಲ್ಲಿದ ಕಾಳನ್ನೆಲ್ಲ ಆರಿಸಿ ತೊಳೆದು ಮತ್ತೆ ಇಟ್ಟೆ. ಅವಳು ಚಿಲಕ ಬಿಡಬೇಕಿತ್ತು.

ಜನವರಿ ೬, ಭಾನುವಾರ

ದೇವರು ದೊಡ್ಡವನು.

ಹಾವಿಯ ಮೈಯೆಲ್ಲ ಭೇದಿ ಅಂಟಿ ನಾರುತ್ತಿತ್ತು. ಇದ್ದ ನೀರಿನಲ್ಲೇ ಒಮ್ಮೆ ತೊಳೆಯೋಣವೆಂದು, ಇಷ್ಟು ದಿನದ ಮೇಲೆ ಹಿತ್ತಲ ಬಾಗಿಲು ತೆಗೆದು, ಅದರ ಸ್ನಾನದ ಬೋಗುಣಿ ಎತ್ತಿದೆ. ಕೆಳಗೆ ನೀಲಿ ಮುಚ್ಚಳದ ಡಬ್ಬಿ. ನನ್ನದೇ. ತುಂಬ ಅಂಬಲಿ ಹಿಟ್ಟು, ಜೋಳ, ರಾಗಿ, ಮೀನು, ಮೂರೂ ಹದವಾಗಿ. ಮುಚ್ಚಳದ ಸುತ್ತ ಇರುವೆ ಹೋಗದ ಹಾಗೆ ಬಟ್ಟೆ ಬಿಗಿದಿತ್ತು. ಕೆಸರಿನ ಬೆರಳಚ್ಚು ಹೊರಗೆ ಮಾತ್ರ. ಒಳಗೆ ಹಿಟ್ಟು ಶುಭ್ರವಾಗಿ, ನುಣ್ಣಗೆ, ಒಂದು ತರಿಯಿಲ್ಲ.

ಹಾಗಾದರೆ ಹೋದ ಭಾನುವಾರ ಬೆಳಿಗ್ಗೆ, ಗಿರಣಿ ಸುಡುವ ಮೊದಲು, ಕರೆಂಟ್ ಬಂದಿರಬೇಕು.

ತೆಳ್ಳಗೆ ಅಂಬಲಿ ಕಾಯಿಸಿ ಚಮಚದಿಂದ ಹನಿಹನಿಯಾಗಿ ಬಿಟ್ಟೆ. ಮೊದಲು ಬಾಯಿ ಮುಚ್ಚಿಕೊಂಡಿತು. ಆಮೇಲೆ ನಾಲಿಗೆ ಹೊರಗೆ ಬಂತು. ಸಂಜೆಗೆ ಚಮಚವನ್ನೇ ಹಿಡಿದುಕೊಂಡು ಬಿಡಲಿಲ್ಲ. ಅಪೊಂಡಿ ಬಿಕ್ಕಿಬಿಕ್ಕಿ ಅತ್ತಳು. ನಾನು ಅಳಲಿಲ್ಲ. ಅಳುತ್ತಾ ಕೂತರೆ ಒಲೆ ಆರಿಹೋಗುತ್ತದೆ.

ಜನವರಿ ೭, ಸೋಮವಾರ

ಓಕೆಯೊ ಡಬ್ಬಿ ನೋಡಿದ. ಗಿರಣಿಗೆ ಅದನ್ನು ಕೊಟ್ಟು ಬಂದವನು ಅವನೇ.

'ಇದು ಇಲ್ಲಿಗೆ ಹೆಂಗೆ ಬಂತು?'

'ಹಿತ್ತಲಲ್ಲಿತ್ತು.'

'ನಡ್ಕೊಂಡು ಬಂತಾ?'

ಹಾಸಿಗೆಯ ಮೇಲಿಂದ ಅಪೊಂಡಿ ಹೇಳಿದಳು: 'ಬಾಗ್ಲು ತಟ್ಟಿದ್ರು ಅಣ್ಣ. ಅಮ್ಮ ಜಾಗ ಇಲ್ಲ ಅಂದ್ಲು.' ಜ್ವರ ಬಂದವರಿಗೆ ಬಾಯಿ ನಿಲ್ಲುವುದಿಲ್ಲ.

ಓಕೆಯೊ ಕೂಗಾಡಲಿಲ್ಲ. ಉಗ್ರಾಣದ ಬೀಗವನ್ನು ಕಲ್ಲಿನಿಂದ ಒಡೆದ. ಒಂದು ಮೂಟೆಯನ್ನು ದರದರ ಎಳೆದುಕೊಂಡು ಹೋಗಿ ದೊರ್ಕಾಳ ಹೊಸ್ತಿಲಲ್ಲಿ ಬಿಟ್ಟ. ನಾನು ಅಡ್ಡ ಹೋದೆ. ಮಚ್ಚು ನನ್ನ ಕೈಯಲ್ಲಿತ್ತು, ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಅವನ ಮುಂಗೈಗೆ ತಾಗಿತು. ಆಳವೇನಿಲ್ಲ.

ರಕ್ತ ನೋಡಿಕೊಂಡು, 'ಮುರಿಗು ಅಜ್ಜನಿಗೂ ಮೊದಲ ಏಟು ಇಲ್ಲೇ ಬಿದ್ದಿದ್ದು,' ಅಂದ. ಸೈಕಲ್ ಹತ್ತಿ ಹೋದ. ತಿಂಡಿಯನ್ನೂ ತಿಂದಿರಲಿಲ್ಲ.

ಜನವರಿ ೨೦, ಭಾನುವಾರ

ಓಕೆಯೊನ ಸುದ್ದಿಯಿಲ್ಲ. ಗಡಿಯ ಬುಸಿಯಾ ಕಡೆ ಕಂಡೆ ಎಂದು ಯಾರೋ ಹೇಳಿದರು. ನೀಲಿ ಡಬ್ಬಿಯ ತಳ ಕಾಣುತ್ತಿದೆ. ಅಷ್ಟರಲ್ಲಿ ಹಾವಿ ಚೇತರಿಸಿಕೊಂಡಿದೆ, ಕುಟ್ಟಿದ ಹಿಟ್ಟೂ ಒಗ್ಗುತ್ತಿದೆ.

ಮಾರ್ಚ್ ೧, ಶನಿವಾರ

ನೈರೋಬಿಯಲ್ಲಿ ದೊಡ್ಡವರು ದೊಡ್ಡವರು ರಾಜಿಯಾಗಿ ಕೈಕುಲುಕಿದರಂತೆ. ಬೀದಿಯಲ್ಲಿ ಕುಣಿದರು. ಕುಣಿದವರಲ್ಲಿ ನಲ್ಲಿಯ ಹತ್ತಿರ ನಿಂತಿದ್ದ ಹುಡುಗರೂ ಇದ್ದರು. ಲಾರಿಗಳು ಬರುತ್ತಿವೆ. ಅಂಗಡಿಗಳಲ್ಲಿ ಹಿಟ್ಟಿನ ಪೊಟ್ಟಣ ಸಿಗುತ್ತಿದೆ.

ದೊರ್ಕಾ ಮನೆ ಖಾಲಿ ಮಾಡಿ ತವರಿಗೆ ಹೋದಳು. ಯಂತ್ರವನ್ನು ತಳ್ಳುಗಾಡಿಗೆ ಏರಿಸುವಾಗ ಒಂದೇ ಕೈಯಲ್ಲಿ ಎತ್ತಲು ನೋಡುತ್ತಿದ್ದಳು. ಇನ್ನೊಂದು ತೋಳು ಮಡಚುವುದಿಲ್ಲವಂತೆ. ಸಹಾಯಕ್ಕೆ ಹೋಗೋಣವೆಂದು ಎದ್ದೆ. ಅವಳ ದೊಡ್ಡ ಮಗಳು ನನ್ನನ್ನು ನೋಡಿ ತಮ್ಮಂದಿರನ್ನು ಹಿಂದಕ್ಕೆ ಎಳೆದುಕೊಂಡಿತು. ಹಾಗೇ ಕೂತೆ.

ಪೇಟೆಯಲ್ಲಿ ಹೊಸಬನೊಬ್ಬ ಗಿರಣಿ ಹಾಕಿದ್ದಾನೆ, ನಮ್ಮವನೇ. ಮೆಣಸು ಬೀಸಿದ ಯಂತ್ರಕ್ಕೇ ಹಾವಿಯ ಜೋಳ ಸುರಿದ. ಒರೆಸಪ್ಪ ಅಂದರೆ, 'ಸಾಲಲ್ಲಿ ನಿಲ್ಲಮ್ಮ, ಎಲ್ರದ್ದೂ ಹೊಟ್ಟೇನೇ,' ಅಂದ. ಕೂಸು ಅಂಬಲಿ ಬಾಯಿಗಿಟ್ಟ ಕೂಡಲೇ ಸೀನಿ, ಮುಖ ತಿರುಗಿಸಿತು. ಸುಮ್ಮನೆ ಕೂತಲ್ಲೇ ನನಗೆ ಕಣ್ಣೀರು ಬಂತು. ಮೆಣಸಿನ ಘಾಟು.

ಮೂಟೆಗಳು ಕರಗಿ ಉಗ್ರಾಣದಲ್ಲಿ ಈಗ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗವಾಗಿದೆ. ಅಪೊಂಡಿ ಗುಡಿಸುತ್ತಾ ಕೇಳಿದಳು: 'ಅಣ್ಣನ ಮಂಚ ಒಳಗೆ ತರೋಣ್ವಾ ಅಮ್ಮ? ಬಂದ್ರೆ ಬೇಕಾಗುತ್ತೆ.'

ಬೇಡ ಅಂದೆ. ಸಂಜೆ ಮಂಚವನ್ನು ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟೆ. ಹೊಸ ಮೂಟೆಗಳಿಗೆ ಹೇಳಿದ್ದೇನೆ, ನಾಳೆ ಬರುತ್ತವೆ. ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತಿದ್ದರೆ ನನಗೆ ನಿದ್ದೆ ಬರುವುದಿಲ್ಲ.